ಕುಲುಮೆ ಮನೆಯ ಎರಡನೇ ಮಗಳು

ಸೋಮವಾರ ಬೆಳಗ್ಗೆ ಎಂಟೂವರೆಗೆ ಪಾಲಹಳ್ಳಿಯ ನಾಗರಾಜಾಚಾರಿ ಶ್ರೀರಂಗಪಟ್ಟಣದ ಪೊಲೀಸ್ ಠಾಣೆಗೆ ಬಂದಾಗ ಅವನ ಕೈಯ ಮಸಿ ಹಾಗೇ ಇತ್ತು. ಮನಸ್ಸು ಕೆಟ್ಟಾಗ ಕೆಲವರು ಬೀಡಿ ಹಚ್ಚುತ್ತಾರೆ, ಈತ ಕುಲುಮೆ ಹಚ್ಚುತ್ತಾನೆ. ಮಗಳ ಹಾಸಿಗೆ ಖಾಲಿ ಇದ್ದದ್ದನ್ನು ಕಂಡು ಹಿತ್ತಲು, ಬಾವಿ, ನಾಲೆ ಏರಿ ಎಲ್ಲ ಹುಡುಕಿ ಬಂದವನು ಏನು ಮಾಡಲೂ ತೋಚದೆ ಕುಲುಮೆಯ ಮುಂದೆ ಕೂತುಬಿಟ್ಟಿದ್ದ. ಹೆಂಡತಿ ಬೈದು ಠಾಣೆಗೆ ಅಟ್ಟಿದಳು.

ಇನ್‌ಸ್ಪೆಕ್ಟರ್ ತಿಮ್ಮರಾಜು ಅವನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಡಿಸಿದ. ಎದುರಿನವರು ಪೂರ್ತಿ ಹೇಳಿ ಮುಗಿಸುವ ತನಕ ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ ಎಂಬುದು ಅವನ ಅಭ್ಯಾಸ. ಹೆಡ್ ಕಾನ್‌ಸ್ಟೇಬಲ್ ಚಿಕ್ಕಸ್ವಾಮಿಗೆ ಈ ಅಭ್ಯಾಸ ಕಂಡರೆ ಆಗದು. ಅವನು ಪಕ್ಕದ ಬೆಳಗೊಳದವನು, ಸುತ್ತಲಿನ ಅರ್ಧ ಜನ ಅವನಿಗೆ ನೆಂಟರು, ಉಳಿದರ್ಧ ಜನರ ನೆಂಟರು ಅವನಿಗೆ ಗುರುತು.

"ಮಗಳ ಹೆಸರು?"

"ಸಹನ ಅಂತ ಸಾ. ಎರಡ್ನೇವ್ಳು. ಇಪ್ಪತ್ ತುಂಬೈತೆ."

"ಯಾರಾದ್ರೂ ಹುಡುಗನ ಜೊತೆ ಹೋಗಿರಬಹುದಾ?"

ನಾಗರಾಜಾಚಾರಿ ತಲೆ ಅಲ್ಲಾಡಿಸಿದ. "ಅಂಗೇನಾರಾ ಇದ್ದಿದ್ರೆ ಇವತ್ ನಂಗೆ ಇಷ್ಟ್ ಭಯ ಆಗ್ತಿರ್ನಿಲ್ಲ ಸಾ."

ವಿಷಯ ಇಷ್ಟು. ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯ ಶಿವಣ್ಣಾಚಾರಿಯ ಮಗ ಲೋಹಿತನಿಗೆ ಸಹನಳನ್ನು ಕೊಡುವುದೆಂದು ಮಾತಾಗಿತ್ತು. ಅವರು ಬಡಗಿ ಕೆಲಸದವರು, ಇವರು ಕಮ್ಮಾರಿಕೆಯವರು, ಒಂದೇ ಕುಲ, ಜಾತಕವೂ ಕೂಡಿತ್ತು. ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆ. ಭಾನುವಾರ ಎಲೆ ಅಡಿಕೆ ಬದಲಾಯಿಸಲು ಬರಬೇಕಾದವರು ಬರಿಗೈಯಲ್ಲಿ ಬಂದರು. ನಡುಮನೆಯಲ್ಲಿ, ಬಂದ ನೆಂಟರೆಲ್ಲರ ಎದುರು, ಶಿವಣ್ಣಾಚಾರಿ ಎದ್ದು ನಿಂತು ಹೇಳಿದ: ಹುಡುಗಿ ಪಾಂಡವಪುರದಲ್ಲಿ ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ತಾಳಂತೆ, ಪಿಯುಸಿ ಫೇಲಾದಾಗ ಸಾಯೋಕೆ ಹೊರಟಿದ್ದಳಂತೆ, ಇದನ್ನೆಲ್ಲ ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟೋಕೆ ನೋಡಿದಿರಿ.

"ನಿಮಗೆ ಇದು ಮೊದಲೇ ಗೊತ್ತಿತ್ತಾ?"

"ನಂಗೂ ಆಗ್ಲೇ ಗೊತ್ತಾಗಿದ್ದು ಸಾ. ಟೈಲರಿಂಗ್ ಕಲಿಯಕ್ಕೆ ಅಂತ ಪಾಂಡವಪುರುಕ್ ಓಗೋಳು. ಅಷ್ಟ್ ಜನದ್ ಮುಂದೆ, ಎಲ್ರೂ ಅವಳ ಮಖಾನೇ ನೋಡ್ತಾವ್ರೆ. ಒಂದ್ ಮಾತಾಡ್ನಿಲ್ಲ. ಎದ್ದು ಕಾಪಿ ಲೋಟ ಎಲ್ಲಾ ಎತ್ಕೊಂಡು ಒಳೀಕ್ ಓದ್ಲು." ಅಷ್ಟು ಹೇಳಿ ಅವನು ಅತ್ತ. ಸುತ್ತಿಗೆ ಹಿಡಿಯುವ ಕೈ, ಕಣ್ಣೊರೆಸಿಕೊಳ್ಳಲು ಬರಲಿಲ್ಲ, ಕೆನ್ನೆಗೆಲ್ಲ ಮಸಿಯಾಯಿತು.

ತಿಮ್ಮರಾಜು ಪೆನ್ನಿನ ಮುಚ್ಚಳ ತೆಗೆದ. ಹುಡುಗಿ ಕಾಣೆ ಎಂದು ಎಫ್‌ಐಆರ್ ದಾಖಲಾಯಿತು. ಭಾವಚಿತ್ರ ಕಂಟ್ರೋಲ್ ರೂಮಿಗೂ ಸುತ್ತಲಿನ ಠಾಣೆಗಳಿಗೂ ಹೋಯಿತು. ನಾಲೆ ಏರಿಯ ಮೇಲೆ ಇಬ್ಬರು ಕಾನ್‌ಸ್ಟೇಬಲ್‌ಗಳು ಹೊರಟರು. ಹುಡುಗಿಯ ಮೊಬೈಲ್ ಆರಿಹೋಗಿತ್ತು. ಕೊನೆಯದಾಗಿ ಅದು ಉಸಿರಾಡಿದ್ದು ಏಳೂವರೆ ಸುಮಾರಿಗೆ ಕೃಷ್ಣರಾಜಪೇಟೆ ಬಸ್ ನಿಲ್ದಾಣದ ಟವರಿನಲ್ಲಿ ಎಂದು ಹತ್ತೂವರೆಗೆ ತಿಳಿಯಿತು. ಪೇಟೆಯಲ್ಲಿ ಅವರಿಗೆ ನೆಂಟರಿಲ್ಲ. ಅಲ್ಲಿಂದ ಎಲ್ಲಿಗೆ? ಮನೆಯ ಟ್ರಂಕಿನಲ್ಲಿ ಸಿಕ್ಕ ಅವಳ ಮಾತ್ರೆಯ ಚೀಟಿಯ ಮೇಲೆ ಪಾಂಡವಪುರದ ಒಂದು ಕೇಂದ್ರದ ಹೆಸರಿತ್ತು.

ಚಿಕ್ಕಸ್ವಾಮಿಯನ್ನೂ ಮಹಿಳಾ ಕಾನ್‌ಸ್ಟೇಬಲ್ ಶ್ವೇತಳನ್ನೂ ಕೂರಿಸಿಕೊಂಡು ತಿಮ್ಮರಾಜು ಜೀಪನ್ನು ಪಾಂಡವಪುರಕ್ಕೆ ಬಿಡಿಸಿದ.

ಜೊತೆಗಾರ ಯುವ ನೆರವು ಕೇಂದ್ರ ಎಂಬ ಬೋರ್ಡು ಗೊಬ್ಬರದ ಅಂಗಡಿಯ ಮಹಡಿಯ ಮೇಲಿತ್ತು. ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಪೇಟೆ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಇದರ ಒಂದೊಂದು ಶಾಖೆ ಇದೆ. ಓದು, ಮನೆ, ಪ್ರೀತಿ, ಕುಡಿತ, ಏನೇ ತಲೆಗೆ ಹತ್ತಿದರೂ ಹರೆಯದವರು ಬಂದು ಮಾತಾಡಬಹುದು, ಬೇಕಾದರೆ ಡಾಕ್ಟರಿಗೂ ತೋರಿಸುತ್ತಾರೆ. ಆದರೆ ನಮ್ಮ ಜನ ಹಲ್ಲುನೋವಿಗೆ ಪಕ್ಕದ ಬೀದಿಗೆ ಹೋಗುತ್ತಾರೆ, ಮನಸ್ಸಿನ ನೋವಿಗೆ ಪಕ್ಕದ ತಾಲ್ಲೂಕಿಗೆ ಬಸ್ಸು ಹತ್ತುತ್ತಾರೆ. ಶ್ರೀರಂಗಪಟ್ಟಣದವರು ಪಾಂಡವಪುರಕ್ಕೆ, ನಾಗಮಂಗಲದವರು ಪೇಟೆಗೆ. ಗುರುತಿನವರು ಯಾರೂ ಕಾಣಬಾರದು, ಅಷ್ಟೇ.

ಆಪ್ತಸಮಾಲೋಚಕಿ ವೀಣ ಮೂವತ್ತೈದರ ಹೆಂಗಸು. ಪೊಲೀಸರನ್ನು ಕಂಡವಳೇ ಒಳಗಿದ್ದ ಇಬ್ಬರು ಹುಡುಗರನ್ನು ಹಿಂಬಾಗಿಲಿಂದ ಕಳಿಸಿದಳು.

"ಪಾಲಹಳ್ಳಿ ಸಹನ ಇಲ್ಲಿಗೆ ಬರ್ತಿದ್ಲಾ?"

"ಯಾರು ಬರ್ತಾರೆ, ಯಾರು ಬರಲ್ಲ ಅಂತ ನಾನು ಹೇಳೋ ಹಾಗಿಲ್ಲ ಸರ್."

"ಏನ್ ಬಿಗಿ ಸಾ ಈವಮ್ಮಂದು," ಎಂದು ಚಿಕ್ಕಸ್ವಾಮಿ ಗೊಣಗಿದ. ತಿಮ್ಮರಾಜು ಅವನಿಗೆ ಸುಮ್ಮನಿರಲು ಸನ್ನೆ ಮಾಡಿ, ಭಾನುವಾರ ನಡೆದದ್ದನ್ನೂ ಬೆಳಗ್ಗೆ ಖಾಲಿ ಇದ್ದ ಹಾಸಿಗೆಯನ್ನೂ ಹೇಳಿದ. ಮಾತ್ರೆಗಳೂ ಮನೆಯ ಟ್ರಂಕಿನಲ್ಲೇ ಉಳಿದಿವೆ ಎಂದೂ ಹೇಳಿದ.

ವೀಣ ಕೂತುಬಿಟ್ಟಳು. ಬಿಂಡಿಗನವಿಲೆಯವರಿಗೆ ಹೇಗೆ ಗೊತ್ತಾಯಿತು ಎಂದು ತನಗೆ ತಾನೇ ಎರಡು ಸಲ ಕೇಳಿಕೊಂಡಳು.

"ಪ್ರಾಣಕ್ಕೆ ಅಪಾಯ ಇದ್ದಾಗ, ಕಾಪಾಡೋಕೆ ಎಷ್ಟು ಬೇಕೋ ಅಷ್ಟು ಹೇಳಬಹುದು ಸರ್. ಅಷ್ಟೇ ಹೇಳ್ತೀನಿ," ಎಂದಳು. "ಮನಸ್ಸು ಭಾರ ಆದಾಗ ಹೇಮಗಿರಿ ಹೊಳೆ ಹತ್ತಿರ ಹೋಗಿ ಕೂತ್ಕೋಬೇಕು ಅನ್ಸುತ್ತೆ ಅಂತ ಒಂದು ಸಲ ಹೇಳಿದ್ಲು. ಯಾಕೆ ಅಂತ ದಯವಿಟ್ಟು ಕೇಳಬೇಡಿ."

ತಿಮ್ಮರಾಜು ಕೇಳಲಿಲ್ಲ. ಪೇಟೆ ಠಾಣೆಗೆ ಫೋನು ಮಾಡಿಕೊಂಡೇ ಮೆಟ್ಟಿಲಿಳಿದ.

ಪೇಟೆಗೆ ಹತ್ತಿರದ ಹೇಮಗಿರಿಯಲ್ಲಿ ಹೇಮಾವತಿ ಹೊಳೆ ಕಟ್ಟೆ ಹಾರಿ ಬೀಳುತ್ತದೆ, ಸದ್ದು ದೂರಕ್ಕೆ ಕೇಳಿಸುತ್ತದೆ. ಪೇಟೆ ಠಾಣೆಯ ಒಬ್ಬ ಕಾನ್‌ಸ್ಟೇಬಲ್ ಸಾಮಾನ್ಯ ಬಟ್ಟೆಯಲ್ಲಿ ಆಗಲೇ ದೂರದಲ್ಲಿ ನಿಂತು ಕಣ್ಣಿಟ್ಟಿದ್ದ. ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು. ಚಪ್ಪಲಿ ಕಾಲಲ್ಲೇ ಇತ್ತು. ಅದನ್ನು ನೋಡಿ ತಿಮ್ಮರಾಜುವಿಗೆ ಎದೆ ಹಗುರಾಯಿತು. ಹಾಗೆ ನೋಡಿದರೆ ಅದು ಯಾವ ಪುರಾವೆಯೂ ಅಲ್ಲ, ಆದರೂ ಹಗುರಾಯಿತು.

ಶ್ವೇತ ದಾರಿಯಲ್ಲೇ ಯೂನಿಫಾರಮ್ಮಿನ ಮೇಲೆ ಒಂದು ಸ್ವೆಟರ್ ಹಾಕಿಕೊಂಡಿದ್ದಳು. ಒಂದು ಪೊಟ್ಟಣ ಕಡ್ಲೆಪುರಿ ಹಿಡಿದು ಹೋಗಿ ಪಕ್ಕದಲ್ಲಿ ಕೂತಳು.

"ತಗೋ."

"ಪೊಲೀಸಾ ಅಕ್ಕ?"

"ಊಂ. ನಿಮ್ಮಪ್ಪ ಅಳ್ತಾ ಕೂತವ್ರೆ."

ಸಹನ ಕಡ್ಲೆಪುರಿಯ ಒಂದು ಮುಷ್ಟಿ ತೆಗೆದುಕೊಂಡು ಹಾಗೇ ಹಿಡಿದುಕೊಂಡಳು. "ನಾನ್ ಸಾಯಕ್ ಬಂದಿಲ್ಲ ಕಣಕ್ಕ. ನನ್ ಮಖ ಯಾರೂ ನೋಡ್ದೆ ಇರೋ ಜಾಗ ಬೇಕಿತ್ತು, ಅಷ್ಟೇಯ." ಒಂದು ಪುರಿಯನ್ನು ನೀರಿಗೆ ಎಸೆದು ಕೇಳಿದಳು, "ನಾನ್ ಇಲ್ಲಿದ್ದೀನಿ ಅಂತ ಎಂಗ್ ಗೊತ್ತಾಯ್ತು?"

ಶ್ವೇತಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ವೀಣ ಮೇಡಮ್ಮು ಹೇಳಿದ್ರು. ನಿನ್ನ ಜೀವದ ಭಯಕ್ಕೆ."

"ಇದುನ್ನೂ ಯೋಳ್ಬುಟ್ರಾ!"

ಪೇಟೆಯ ಆಸ್ಪತ್ರೆಯಲ್ಲಿ ತೋರಿಸಿಕೊಂಡು, ಅಪ್ಪ ಬಂದು ಪಕ್ಕದಲ್ಲಿ ಕೂತ ಮೇಲೆ ಸಹನ ಹೇಳಿಕೆ ಕೊಟ್ಟಳು. ತಾನು ಮೇಜರು, ಯಾರ ಬಲವಂತವೂ ಇಲ್ಲದೆ ಹೋಗಿದ್ದೆ ಎಂದು ಬರೆಸಿದ ಮೇಲೆ ಕಾಣೆಯಾದ ಪ್ರಕರಣ ಅಲ್ಲಿಗೆ ಮುಗಿಯಬೇಕು. ಆದರೆ ಅವಳು ಎದ್ದು ಹೋಗಲಿಲ್ಲ.

"ಸಾರ್, ನಾನೂ ಒಂದು ಕಂಪ್ಲೇಂಟ್ ಕೊಡ್ಬೇಕು. ಬಾಗಿಲು ಹಾಕ್ಕೊಂಡು ಒಬ್ರ ಹತ್ರ ಮಾತ್ರ ಹೇಳಿದ್ದು ಬಿಂಡಿಗನವಿಲೆಗೆ ಹೆಂಗ್ ಹೋಯ್ತು?"

"ನಿನಗೆ ಯಾರ ಮೇಲಾದ್ರೂ ಅನುಮಾನ ಇದೆಯಾ?"

"ನಾನ್ ಹೇಳಿದ್ದು ವೀಣ ಮೇಡಮ್‌ಗೆ ಮಾತ್ರ." "ಕುಲುಮೆ ಮುಂದೆ ಕೂತ್ರೂ ಚಳಿ ಆಗುತ್ತೆ ಅಂತ ಒಂದ್ಸಲ ಅವರ ಹತ್ರ ಅಂದಿದ್ದೆ. ನಿನ್ನೆ ಶಿವಣ್ಣಾಚಾರ್ರು ಎಲ್ಲರ ಮುಂದೆ ಅದೇ ಮಾತು ಆಡಿದ್ರು. ಬೆಂಕಿ ಮುಂದೆ ಕೂತ್ರೂ ಚಳಿ ಅಂತಾಳಂತೆ, ಇಂಥೋಳ್ನ ಕಟ್ಕೊಂಡು ನಮ್ಮುಡುಗ ಏನ್ ಮಾಡಾನ ಅಂತ. ಎಲ್ರೂ ನಕ್ರು. ಮೇಡಮ್ಮೇ ಹೇಳಿದ್ರು ಅಂತಾದ್ರೆ ನಂಗ್ ಯಾವ ಮಾತ್ರೆನೂ ಬೇಡ, ಯಾರ ಹತ್ರಾನೂ ಇನ್ನು ಬಾಯಿ ಬಿಡಲ್ಲ. ಅದೊಂದ್ ಗೊತ್ತಾಗ್ಬೇಕು ನಂಗೆ."

ತಿಮ್ಮರಾಜು ಬಹಳ ಕೇಸು ಕಂಡವನು. ಕೊಲೆ ಮಾಡಿದವರು ಯಾರು ಎಂದು ತಿಳಿಯದೆಯೂ ಜನ ಬದುಕುತ್ತಾರೆ. ಇವಳು ಬದುಕುವುದು ಮಾತ್ರ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ ಎಂದು ಅವನಿಗೆ ಅನಿಸಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಕೆಲಸದ ಕಾರಣಕ್ಕೆ ಕೈಗೆ ಬಂದ ಒಬ್ಬರ ಸ್ವಂತ ವಿಷಯವನ್ನು ಹೊರಗೆ ಬಿಡುವವರ ಮೇಲೆ ಒಂದು ಕಲಂ ಇದೆ. ಅದರಡಿ ಅಪರಿಚಿತರ ವಿರುದ್ಧ ಎರಡನೇ ಎಫ್‌ಐಆರ್ ಆಯಿತು.

ಮಂಗಳವಾರ ಬೆಳಗ್ಗೆ ಮತ್ತೆ ಪಾಂಡವಪುರ. ವೀಣ ರಾತ್ರಿಯೆಲ್ಲ ನಿದ್ದೆ ಮಾಡಿದಂತಿರಲಿಲ್ಲ. ಸಹನ ಸಿಕ್ಕಳೆಂದು ಶ್ವೇತ ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದಳು.

"ಕುಲುಮೆ ಮುಂದೆ ಕೂತರೂ ಚಳಿ. ಈ ಮಾತು ನೀವು ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ ಸರ್." ಅಂದವಳೇ ತಡೆದಳು. "ಹೇಳಿದೀನಿ. ಮೀಟಿಂಗಿನಲ್ಲಿ."

ತಿಂಗಳಿಗೊಮ್ಮೆ ನಾಲ್ಕೂ ಕೇಂದ್ರದವರು ಪೇಟೆಯ ಶಾಖೆಯಲ್ಲಿ ಸೇರುತ್ತಾರೆ. ಬಿಡಿಸಲಾಗದ ಗಂಟುಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಸಲಹೆ ಕೇಳುವುದು ಅಲ್ಲಿಯ ರೂಢಿ. ಒಳ್ಳೆಯ ರೂಢಿಯೇ. ಒಬ್ಬರ ತಲೆಗಿಂತ ನಾಲ್ವರ ತಲೆ ಮೇಲು. ಹೆಸರು ಮಾತ್ರ ಹೇಳುವಂತಿಲ್ಲ.

"ಹೆಸರು ಹೇಳಲಿಲ್ಲ ಸರ್. ದೇವರಾಣೆ ಹೇಳಲಿಲ್ಲ."

"ಮತ್ತೆ ಏನೇನು ಹೇಳಿದ್ರಿ?"

"ಊರು ಹೇಳ್ದೆ, ಯಾರು ಮನೆಗೆ ಹೋಗಿ ನೋಡಬಹುದು ಅಂತ ತಿಳಿಯೋಕೆ. ಮನೆಯ ಕಸುಬು ಹೇಳ್ದೆ, ಆ ಚಳಿಯ ಮಾತು ಅರ್ಥ ಆಗಬೇಕಲ್ಲ. ಅಕ್ಕನಿಗೆ ಮದುವೆ ಆಗಿದೆ, ಇವಳು ಎರಡನೆಯವಳು, ಈಗ ಗಂಡು ನೋಡ್ತಿದಾರೆ, ಮಾತ್ರೆ ಮುಂದುವರಿಸೋದು ಹೇಗೆ ಅಂತ ಕೇಳ್ದೆ."

ತಿಮ್ಮರಾಜು ಬಾಗಿಲ ಕಡೆ ತಿರುಗಿದ. "ಚಿಕ್ಕಸ್ವಾಮಿ, ಈ ಕೇಸು ಪಕ್ಕಕ್ಕಿಡು. ಪಾಲಹಳ್ಳಿ, ಕುಲುಮೆ ಮನೆ, ಎರಡನೇ ಮಗಳು ಅಂತ ಯಾರಾದ್ರೂ ಅಂದ್ರೆ ನಿಂಗೆ ಯಾರು ಅಂತ ಗೊತ್ತಾಗುತ್ತಾ?"

"ಗೊತ್ತಾಗ್ದೆ ಏನ್ ಸಾ? ಇವತ್ಗೂ ಉರೀತಿರೋ ಕುಲುಮೆ ಆ ಊರ್ಗೆ ಒಂದೇಯ. ಹೆಸ್ರು ಯೋಳಿದ್ರೇ ಕಷ್ಟ. ಸಹನ ಅಂತ ಪಾಲಳ್ಳೀಲಿ ಐದಾರ್ ಜನ ಅವ್ರೆ." ಚಿಕ್ಕಸ್ವಾಮಿ ನಕ್ಕ. ವೀಣಳ ಮುಖ ಕಂಡು ನಗು ನುಂಗಿಕೊಂಡ. "ಹೆಸ್ರೊಂದ್ ಬುಟ್ಟು ಎಲ್ಲಾ ಯೋಳ್ಬುಟ್ಟವ್ರೆ ಸಾ."

ಅದು ನಿಜ. ನಮ್ಮ ಕಡೆ ಯಾರೂ ಮೊದಲು ಹೆಸರು ಕೇಳುವುದಿಲ್ಲ, ಯಾರ ಮನೆ ಎಂದು ಕೇಳುತ್ತಾರೆ. ಮೈಸೂರಿನಲ್ಲಿ ಓದಿ ಬಂದ ವೀಣ ಪುಸ್ತಕದಲ್ಲಿ ಇದ್ದಂತೆ ಹೆಸರನ್ನು ಅಳಿಸಿ, ಮನೆಯನ್ನು ಹಾಗೇ ಉಳಿಸಿದ್ದಳು. ಅವಳು ಅಳಲಿಲ್ಲ. "ಇದನ್ನ ಅವಳಿಗೆ ನಾನೇ ಹೇಳ್ತೀನಿ ಸರ್, ನೀವು ಹೇಳಬೇಡಿ," ಎಂದಷ್ಟೇ ಕೇಳಿಕೊಂಡಳು. ಮೀಟಿಂಗಿನಲ್ಲಿ ಅವಳಲ್ಲದೆ ಮೂವರಿದ್ದರು: ಶ್ರೀರಂಗಪಟ್ಟಣದ ರವೀಂದ್ರ, ಪೇಟೆಯ ಒಬ್ಬ ಲೇಡಿ ಡಾಕ್ಟರು, ನಾಗಮಂಗಲದ ಜಯಲಕ್ಷ್ಮಮ್ಮ. ಕೆಲಸಕ್ಕೆ ಸೇರುವಾಗ ಎಲ್ಲರೂ ಗುಟ್ಟು ಕಾಯುತ್ತೇವೆಂದು ಸಹಿ ಹಾಕಿದವರೇ. ಆ ಕರಾರು ಪತ್ರಗಳ ನಕಲನ್ನು ಪಂಚರ ಎದುರು ಪಡೆದುಕೊಂಡು ಪಂಚನಾಮೆ ಬರೆಯಲಾಯಿತು.

ಮೂವರಲ್ಲಿ ಯಾರು ಎಂಬುದು ಬಿಂಡಿಗನವಿಲೆಯಲ್ಲಿ ತಿಳಿಯಬೇಕಿತ್ತು.

ಶಿವಣ್ಣಾಚಾರಿಯ ಕೊಟ್ಟಿಗೆಯ ಪಕ್ಕದಲ್ಲೇ ಮರಗೆಲಸದ ಶೆಡ್ಡು. ಒಳಗೆ ಲೋಹಿತ್ ಒಂದು ಕಿಟಕಿಯ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದ. ಪೊಲೀಸರನ್ನು ಕಂಡು ಕೈ ನಿಲ್ಲಿಸಿದ.

"ಹುಡುಗಿ ವಿಷ್ಯ ನಿಮಗೆ ಯಾರು ಹೇಳಿದ್ರು?" ಎಂದು ತಿಮ್ಮರಾಜು ಕೇಳಿದ.

ಶಿವಣ್ಣಾಚಾರಿ ಹೆಗಲ ವಸ್ತ್ರ ಸರಿ ಮಾಡಿಕೊಂಡ. "ಇಚಾರ್ಸುದ್ವಿ ಸಾ. ಎಣ್ಣ್ ತರೋವಾಗ ಎಲ್ರೂ ಇಚಾರುಸ್ತಾರೆ."

"ಯಾರ ಹತ್ರ?"

"ಅದ್ ಮಾತ್ರ ಕೇಳ್ಬೇಡಿ. ಯೋಳ್ದೋರ್ ಹೆಸ್ರ ಹೊರೀಕ್ ಬುಡೋದು ನಮ್ಮಲ್ಲಿಲ್ಲ. ಇವತ್ ಹೆಸ್ರ ಬುಟ್ರೆ ನಾಳೀಕ್ ಯಾರ್ ನಿಜ ಯೋಳ್ತಾರೆ? ಒಬ್ರು ನಂಬಿ ಯೋಳವ್ರೆ, ನಾನ್ ಅವ್ರ ಕತ್ತ್ ಕುಯ್ಯನಾ?"

ತಿಮ್ಮರಾಜುವಿಗೆ ಒಮ್ಮೆಗೇ ಸಿಟ್ಟು ಬಂತು, ಅಪರೂಪಕ್ಕೆ. "ಆ ಹುಡುಗೀನೂ ಒಬ್ಬರನ್ನ ನಂಬಿ ಹೇಳಿದ್ಲು ಆಚಾರ್ರೇ. ಅವಳ ಮಾತನ್ನ ನೀವು ನಡುಮನೇಲಿ ನಿಂತು ಕೂಗಿದ್ರಿ."

ಶಿವಣ್ಣಾಚಾರಿಗೆ ಆ ಎರಡು ಗುಟ್ಟುಗಳೂ ಒಂದೇ ತೂಕದವು ಎಂದು ಈವರೆಗೆ ಹೊಳೆದೇ ಇರಲಿಲ್ಲ. ಆದರೂ ಹೆಸರು ಹೇಳಲಿಲ್ಲ. ಅವನ ನೇಮ ಅವನಿಗೆ.

ಶೆಡ್ಡಿನಿಂದ ಲೋಹಿತ್ ಹೊರಗೆ ಬಂದ. "ಸಾ, ಅವ್ಳು ಎಂಗವ್ಳೆ?"

"ಚೆನ್ನಾಗಿದಾಳೆ."

"ನಾನ್ ಬ್ಯಾಡ ಅಂದಿರ್ನಿಲ್ಲ ಸಾ. ಅಪ್ಪನ್ ಎದುರ್ಗೆ ಬಾಯಿ ಬರ್ನಿಲ್ಲ, ಅಷ್ಟೇಯ." ಅಪ್ಪನ ಕಡೆ ನೋಡದೆ ಅವನು ಮುಂದುವರಿಸಿದ, "ಅಪ್ಪುನ್ನ ನಾಗಮಂಗಲುಕ್ಕೆ ಬೈಕಲ್ ಕರ್ಕೊಂಡೋಗಿದ್ದು ನಾನೇಯ. ಜಯಲಕ್ಷ್ಮಮ್ಮೋರ ಮನೆ ಮುಂದೆ ಇಳ್ಸಿದ್ದೆ. ಅವರ ಹೊಸ ಬಾಗಿಲ ಮಾಡ್ಕೊಟ್ಟೋರು ನಾವೇಯ."

"ಲೇ ಲೋಹಿತ!" ಎಂದು ಶಿವಣ್ಣಾಚಾರಿ ಗದರಿದ.

"ಸುಮ್ಕಿರಪ್ಪ. ಭಾನ್ವಾರ ನಾನ್ ಸುಮ್ಕಿದ್ದದ್ದು ಸಾಕು."

ಇಬ್ಬರ ಹೇಳಿಕೆಯನ್ನೂ ದಾಖಲಿಸಿಕೊಂಡು ನಾಗಮಂಗಲಕ್ಕೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ದಾರಿಯಲ್ಲಿ ಚಿಕ್ಕಸ್ವಾಮಿ ತಾನಾಗಿಯೇ, "ನಾನೂ ಎಷ್ಟೋ ಮನೆ ಇಚಾರ ಯೋಳಿವ್ನಿ ಸಾ, ಇಚಾರ್ಸಕ್ ಬಂದೋರ್ಗೆ," ಎಂದ.

ಜಯಲಕ್ಷ್ಮಮ್ಮನ ಮನೆಯ ಹಲಸಿನ ಮರದ ಬಾಗಿಲು ನಿಜಕ್ಕೂ ಚೆಂದವಿತ್ತು. ಐವತ್ತೈದರ ಆಕೆ ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾಗಮಂಗಲದ ಕೇಂದ್ರ ಶುರುವಾದಂದಿನಿಂದ ಅಲ್ಲಿದ್ದಾಳೆ. ಕುಡಿತಕ್ಕೆ ಬಿದ್ದ ಎಷ್ಟೋ ಹುಡುಗರನ್ನು ಕಿವಿ ಹಿಡಿದು ಎಳೆತಂದವಳು ಎಂದು ಊರಲ್ಲಿ ಒಳ್ಳೆಯ ಹೆಸರು.

"ಶಿವಣ್ಣಾಚಾರ್ರು ಇಲ್ಲಿಗೆ ಬಂದಿದ್ರಾ?"

"ಬಂದಿದ್ರು."

"ಯಾಕೆ?"

"ಎಣ್ಣ್ ಇಚಾರ್ಸಕ್ಕೆ. ನಿಮ್ಮಾಪೀಸ್ನೋರು ಆ ಕಡೆ ಎಲ್ಲಾ ಓಡಾಡ್ತೀರಲ್ಲ, ಪಾಲಳ್ಳಿ ಕುಲುಮೆ ಮನೆ ಎರಡ್ನೇವ್ಳು ಎಂಗೆ ಅಂದ್ರು."

"ನೀವೇನು ಹೇಳಿದ್ರಿ?"

"ಇದ್ದದ್ ಯೋಳ್ದೆ."

ಸುತ್ತು ಬಳಸು ಇಲ್ಲ. ತಿಮ್ಮರಾಜು ಇನ್ನೂ ಪೆನ್ನು ತೆರೆದಿರಲಿಲ್ಲ. "ಅದನ್ನ ಹೇಳಬಾರದು ಅಂತ ನಿಮಗೆ ಗೊತ್ತಿರಲಿಲ್ವಾ?"

"ಆಪೀಸ್ನಲ್ ಯೋಳ್ಬಾರ್ದು ಅಂತ ಗೊತ್ತಿತ್ತು. ಆಪೀಸ್ನಲ್ ನಾನ್ ಯಾವತ್ತೂ ಯೋಳಿಲ್ಲ. ಇದು ನಮ್ಮನೆ ಜಗ್ಲಿ ಕಣಪ್ಪ. ಎಣ್ಣ್ ಇಚಾರ್ಸಕ್ ಬಂದೋರ್ಗೆ ಜಗ್ಲಿ ಮೇಲ್ ಕೂತು ಸುಳ್ ಯೋಳನಾ?"

"ಗೊತ್ತಿಲ್ಲ ಅಂತ ಹೇಳಬಹುದಿತ್ತು."

ಜಯಲಕ್ಷ್ಮಮ್ಮನ ಕೈ ಅವರೆಕಾಯಿಯ ಮೇಲೆ ನಿಂತಿತು.

"ಗೊತ್ತಿಲ್ಲ ಅಂತ ನಂಗೂ ಯೋಳುದ್ರು ಸಾ. ನನ್ ಮಗ್ಳು ಪ್ರಮೀಳನ್ನ ಪೇಟೆ ಕಡೆಗ್ ಕೊಡೋವಾಗ ನಾನೂ ಇಚಾರುಸ್ದೆ. ಮೂರ್ ಮನೇಗ್ ಓಗಿ ಕೇಳ್ದೆ. ಒಬ್ಬಳು ಗೊತ್ತಿಲ್ಲ ಕಣವ್ವ ಅಂದ್ಳು. ಇಬ್ರು ಬಂಗಾರದಂತ ಉಡ್ಗ ಅಂದ್ರು. ಅವ್ನು ಕುಡ್ದು ಹೆತ್ತ ತಾಯ್ಗೇ ಒಡೀತಿದ್ದ ಅಂತ ಬೀದೀಗ್ ಬೀದೀನೇ ಗೊತ್ತಿತ್ತು. ಸಾವ್ರ ಸುಳ್ ಯೋಳಿ ಒಂದ್ ಮದ್ವೆ ಮಾಡು ಅಂತಾರಲ್ಲ, ಆ ಸಾವ್ರ ಸುಳ್ನಾಗೆ ನನ್ ಮಗ್ಳು ಓದ್ಲು. ನಾಕ್ ವರ್ಸ ತಿಂದು ಬಂದ್ಲು. ಬಲಗಿವಿ ಕೇಳಕ್ಕಿಲ್ಲ ಈಗ." ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವತ್ತೇ ಅಂದ್ಕೊಂಡೆ, ನನ್ನ ಯಾರಾದ್ರೂ ಇಚಾರ್ಸಕ್ ಬಂದ್ರೆ ಇದ್ದದ್ ಇದ್ದಂಗೆ ಯೋಳ್ತೀನಿ, ದೇವ್ರ್ ಬಂದ್ ಬ್ಯಾಡ ಅಂದ್ರೂವೆ. ಇನ್ನೊಬ್ರ ಮನೆ ಮಗು ಮೋಸ ಓಗ್ಬಾರ್ದು. ನಂಗ್ ಯಾರ್ ಮೇಲೂ ದ್ವೇಸ ಇಲ್ಲ. ಆ ಉಡ್ಗೀನ ನಾನ್ ಕಣ್ಣಲ್ಲೂ ಕಂಡಿಲ್ಲ."

ಹಲಸಿನ ಬಾಗಿಲ ಹಿಂದೆ ಯಾರೋ ನಿಂತಿದ್ದರು. ಶ್ವೇತ ಅದನ್ನು ಮೊದಲು ಕಂಡಳು. ಮೂವತ್ತರ ಆಸುಪಾಸಿನ ಹೆಂಗಸು, ಎಡಗಿವಿಯನ್ನು ಜಗುಲಿಯ ಕಡೆಗೆ ತಿರುಗಿಸಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಕೇಳಿಸಿಕೊಳ್ಳುತ್ತಿದ್ದಳು.

"ಅವ್ವ," ಎಂದಳು ಪ್ರಮೀಳಾ. "ಆ ಉಡ್ಗಿ ಯಾರ್ಗೂ ಒಡ್ದಿರ್ನಿಲ್ವಲ್ಲವ್ವ."

ಜಯಲಕ್ಷ್ಮಮ್ಮ ಮಗಳ ಮುಖ ನೋಡಿದಳು.

"ಅವ್ಳು ನನ್ನಂಗೆ ಕಣವ್ವ, ಅವನಂಗಲ್ಲ. ನಂಗೂ ಎಷ್ಟೋ ದಿನ ಬೆಂಕಿ ಮುಂದೆ ಚಳೀನೇ ಆಗಿತ್ತು."

ಅಷ್ಟು ಹೇಳಿ ಅವಳು ಒಳಗೆ ಹೋದಳು. ಮನೆಯಲ್ಲೇ ಇದ್ದ ಮಗಳ ನೋವು ಒಂದು ಸಲವೂ ಕಣ್ಣಿಗೆ ಬೀಳದೆ, ಅವಳ ಹೆಸರಲ್ಲಿ ಇನ್ನೊಬ್ಬಳಿಗೆ ನೋವು ಕೊಟ್ಟೆನೆಂಬುದು ಆ ತಾಯಿಗೆ ಆಗ ಅರ್ಥವಾಯಿತು. ನೋಡುವವರಿಗೆ ಸಂಕಟವಾಗುವಷ್ಟು ಸ್ಪಷ್ಟವಾಗಿ ಅರ್ಥವಾಯಿತು. ಬಿಡಿಸಿದ ಅವರೆಕಾಳಿನ ಮೊರವನ್ನು ಪಕ್ಕಕ್ಕಿಟ್ಟು ಆಕೆ ಎದ್ದಳು. "ನಡೀರಿ ಸಾ. ಎಲ್ಲಿ ಸೈನ್ ಆಕ್ಬೇಕು?"

ಅಂದು ಸಂಜೆ ಬಂಧನ ದಾಖಲಾಯಿತು. ಜಾಮೀನು ಕೊಡಬಹುದಾದ ಅಪರಾಧವಾದ್ದರಿಂದ, ಅಣ್ಣನ ಮಗ ಬಂದು ಜಾಮೀನು ನಿಂತು ಆಕೆಯನ್ನು ಕರೆದುಕೊಂಡು ಹೋದ. ಹೋಗುವಾಗ ಆಕೆ ಶ್ವೇತಳನ್ನು ಪಕ್ಕಕ್ಕೆ ಕರೆದು, ಬೇರೆ ಯಾವುದಾದರೂ ತಾಲ್ಲೂಕಿನಲ್ಲಿ, ತನ್ನ ಗುರುತಿಲ್ಲದ ಕಡೆ, ಮಗಳು ಹೋಗಿ ಮಾತಾಡುವಂಥವರು ಯಾರಾದರೂ ಇದ್ದಾರಾ ಎಂದು ಕೇಳಿದಳು.

ಬುಧವಾರ ಬೆಳಗ್ಗೆ ಸಹನ ಅಪ್ಪನೊಡನೆ ಠಾಣೆಗೆ ಬಂದಳು. ವೀಣ ಮೊದಲೇ ಬಂದು ಪಕ್ಕದ ಕೋಣೆಯಲ್ಲಿ ಕೂತಿದ್ದಳು. ಅವರಿಬ್ಬರೂ ಬಾಗಿಲು ಹಾಕಿಕೊಂಡು ಮಾತಾಡಿದರು. ಒಳಗೆ ಏನು ನಡೆಯಿತೋ, ಠಾಣೆಯಲ್ಲಿ ಯಾರೂ ಕೇಳಲಿಲ್ಲ. ಚಿಕ್ಕಸ್ವಾಮಿಯಂಥ ಚಿಕ್ಕಸ್ವಾಮಿಯೇ ಆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ.

ಹೊರಗೆ ಬಂದಾಗ ಸಹನಳ ಕಣ್ಣು ಕೆಂಪಗಿತ್ತು. ತಿಮ್ಮರಾಜುವಿನ ಎದುರು ಕೂತಳು.

"ಮೇಡಮ್ಮು ತಮ್ಮ ತಪ್ಪು ಒಪ್ಕೊಂಡ್ರು ಸಾರ್. ನನ್ನ ಬಗ್ಗೆ ಇನ್ನು ಎಲ್ಲೇ ಮಾತಾಡಬೇಕಾದ್ರೂ ನನ್ನ ಕೇಳೇ ಅಂತ ಅಂದ್ರು. ಕೋಪ ಇನ್ನೂ ಐತೆ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಆದ್ರೆ ಶಿವಣ್ಣಾಚಾರ್ರಿಗೆ ಹೇಳಿದ್ದು ಅವರಲ್ಲ ಅಲ್ವಾ?"

"ಅಲ್ಲ. ನಾಗಮಂಗಲದ ಜಯಲಕ್ಷ್ಮಮ್ಮ ಅಂತ, ಅಲ್ಲಿಯ ಕೇಂದ್ರದವರು. ನಿನ್ನೆ ಅರೆಸ್ಟ್ ಮಾಡಿದೀವಿ. ಕೇಸು ಕೋರ್ಟಿಗೆ ಹೋಗುತ್ತೆ."

"ನಂಗವ್ರು ಯಾರು ಅಂತಾನೇ ಗೊತ್ತಿಲ್ಲ. ಯಾಕ್ ಹೇಳಿದ್ರು ಸಾರ್?"

ತಿಮ್ಮರಾಜು ಬಾಯಿ ತೆರೆದ. ಪೇಟೆಯ ಮೂರು ಮನೆ, ಹಲಸಿನ ಬಾಗಿಲು, ಕೇಳಿಸದ ಒಂದು ಕಿವಿ, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಈ ಹುಡುಗಿಗೆ ಸಮಾಧಾನವಾಗುತ್ತದೆಂದೂ ಗೊತ್ತಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವನು ಬಾಯಿ ಮುಚ್ಚಿದ.

"ಅದು ಇನ್ನೊಬ್ಬ ಹೆಣ್ಣುಮಗಳ ವಿಷ್ಯ ಕಣಮ್ಮ. ಅವಳು ಒಪ್ಪದೆ ನಾನು ಹೇಳೋ ಹಾಗಿಲ್ಲ."

ಸಹನ ಅವನನ್ನೇ ನೋಡಿದಳು. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವಳ ಮುಖದ ಬಿಗಿ ಸಡಿಲಾಯಿತು.

"ಸರಿ ಸಾರ್," ಎಂದಳು. "ಹೇಳ್ಬೇಡಿ."

ಅಪ್ಪನನ್ನು ಊರಿನ ಬಸ್ಸಿಗೆ ಹತ್ತಿಸಿ, ಅವಳು ರಸ್ತೆ ದಾಟಿ ಪಾಂಡವಪುರದ ಬಸ್ಸಿಗೆ ನಿಂತಳು.